‘ಬರುವುದಿಲ್ಲ ಎಂದೇನಿಲ್ಲ’ ಎಂದರೆ ಬರುತ್ತಾರಾ?

ಕಳೆದ ಮಳೆಗಾಲದಲ್ಲಿ ನಮ್ಮ ಬಾವಿಯ ಪಂಪ್ ಕೆಟ್ಟಿತ್ತು. ಇಲ್ಲೇ ಉಡುಪಿಯ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ “ಇವತ್ತು ಬರುವುದಿಲ್ವಾ?” ಎಂದು ಕೇಳಿದೆ. “ಬರುವುದಿಲ್ಲ ಎಂದೇನಿಲ್ಲ ಮಾರಾಯ್ರೆ” ಎಂದರು. ಸಂಜೆ ಏಳರವರೆಗೆ ಕಾದೆ. ಬರಲಿಲ್ಲ. ಅವರು ಸುಳ್ಳೇನೂ ಹೇಳಿರಲಿಲ್ಲ. ಲಾಜಿಕ್ ಕಲಿಸುವವನು ನಾನು, ಮೋಸ ಹೋದವನೂ ನಾನೇ.

ಎಂ.ಎಸ್ಸಿ. ತರಗತಿಯಲ್ಲೂ ಪ್ರತಿ ವರ್ಷ ಗಾಡಿ ನಿಲ್ಲುವುದು ಇಲ್ಲೇ. ಕ ಎಂದರೆ ಯಾವುದೋ ಒಂದು ಹೇಳಿಕೆ ಎನ್ನಿ. ‘ಕ ಅಥವಾ ಕ-ಅಲ್ಲ’ ಎಂಬುದು ಒಂದು ನಿಯಮ. ‘ಕ-ಅಲ್ಲ ಎಂಬುದು ಅಲ್ಲ, ಹಾಗಾಗಿ ಕ’ ಎಂಬುದು ಇನ್ನೊಂದು. “ಎರಡೂ ಒಂದೇ ಅಲ್ವಾ ಸರ್?” ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಪರೀಕ್ಷೆಯಲ್ಲಿ ಕೇಳುವುದೂ ಇಲ್ಲ, ಸುಮ್ನೆ ಒಂದರ ಜಾಗಕ್ಕೆ ಇನ್ನೊಂದನ್ನು ಹಾಕಿಬಿಡುತ್ತಾರೆ.

ಯಾವ ಲಾಜಿಕ್ಕಿನಲ್ಲಿ ನಿಂತು ಕೇಳುತ್ತೀರಿ ಎಂದು ಮೊದಲು ಹೇಳಿ. ಡಚ್ ಗಣಿತಜ್ಞ ಹೇಟಿಂಗ್ 1930ರಲ್ಲಿ ನಿಯಮ ಬರೆದುಕೊಟ್ಟ, ಸಾಧಿಸಿ ತೋರಿಸಿದ್ದನ್ನಷ್ಟೇ ಒಪ್ಪುವ ಇಂಟ್ಯೂಷನಿಸ್ಟಿಕ್ ಲಾಜಿಕ್‌ಗೆ ಇವೆರಡರಲ್ಲಿ ಯಾವುದನ್ನು ಸೇರಿಸಿದರೂ ಕ್ಲಾಸಿಕಲ್ ಲಾಜಿಕ್, ಅಂದರೆ ಪ್ರತಿ ಹೇಳಿಕೆಯೂ ನಿಜ ಇಲ್ಲವೇ ಸುಳ್ಳು ಎನ್ನುವ ಮಾಮೂಲಿ ಲಾಜಿಕ್, ಸಿಗುತ್ತದೆ. ಅಲ್ಲಿ ಒಂದೇ. ನಾರ್ವೆಯ ಗಣಿತಜ್ಞ ಯೋಹಾನ್ಸನ್ 1937ರಲ್ಲಿ ಕೊಟ್ಟ ಮಿನಿಮಲ್ ಲಾಜಿಕ್ ಅದಕ್ಕಿಂತ ದುರ್ಬಲ. ಅಸಂಬದ್ಧ (‘ಕ’ವೂ ಹೌದು, ‘ಕ-ಅಲ್ಲ’ವೂ ಹೌದು ಎಂಬಂಥದ್ದು) ಕೈಗೆ ಸಿಕ್ಕರೆ ಏನನ್ನು ಬೇಕಾದರೂ ಸಾಧಿಸಬಹುದು ಎಂಬ ನಿಯಮ ಅದರಲ್ಲಿಲ್ಲ. ಅಲ್ಲಿ ಒಂದೇ ಅಲ್ಲ.

ಬೋರ್ಡ್ ತುಂಬ ಬರೆಯಬೇಕಾಗಿಲ್ಲ. ಮಿನಿಮಲ್‌ನಲ್ಲಿ ‘ಕ-ಅಲ್ಲ’ ಎಂದರೆ ‘ಕ ಆದರೆ ಅಸಂಬದ್ಧ’ ಎಂದಷ್ಟೇ. ಆ ‘ಅಸಂಬದ್ಧ’ ಬರೀ ಒಂದು ಚಿಹ್ನೆ. ಬೇಕಂತಲೇ ಅದಕ್ಕೆ ‘ನಿಜ’ ಎಂಬ ಬೆಲೆ ಕೊಡಿ. ನಗಬೇಡಿ, ಅಲ್ಲಿ ಯಾರೂ ತಡೆಯುವುದಿಲ್ಲ. ಈಗ ಯಾವುದಕ್ಕೆ ‘ಅಲ್ಲ’ ಹಚ್ಚಿದರೂ ನಿಜವೇ. ಹಾಗಾಗಿ ‘ಕ ಅಥವಾ ಕ-ಅಲ್ಲ’ ಯಾವಾಗಲೂ ಪಾಸು. ‘ಕ-ಅಲ್ಲ ಎಂಬುದು ಅಲ್ಲ’ ಎಂಬುದೂ ನಿಜ. ಆದರೆ ಕ ಸುಳ್ಳಿರಬಹುದಲ್ಲ! ಮೊದಲ ನಿಯಮ ನಿಂತಿತು, ಎರಡನೆಯದು ಬಿತ್ತು.

ಎರಡನೆಯದನ್ನು ಹಿಡಿದರೆ ಮಿನಿಮಲ್‌ನಿಂದ ಕ್ಲಾಸಿಕಲ್‌ಗೆ ನೇರ ಎಕ್ಸ್‌ಪ್ರೆಸ್ ಬಸ್, ಉಡುಪಿಯಿಂದ ಮಂಗಳೂರಿಗೆ ಹೋದಂತೆ. ಮೊದಲನೆಯದು ದಾರಿ ಮಧ್ಯದ ಮೂಲ್ಕಿಯಲ್ಲಿ ಇಳಿಸುತ್ತದೆ. ಅಲ್ಲಿಂದ ಮುಂದಕ್ಕೆ ಅಸಂಬದ್ಧದಿಂದ ಏನನ್ನೂ ಸಾಧಿಸುವ ಆ ಬಿಟ್ಟುಹೋದ ನಿಯಮದ ಟಿಕೆಟ್ ಬೇರೆ ತೆಗೆಯಬೇಕು.

ಒಂದು ಎಚ್ಚರಿಕೆ. ನಾನು ಹೇಳುತ್ತಿರುವುದು ಎಲ್ಲ ವಾಕ್ಯಗಳಿಗೂ ಹಾಕುವ ನಿಯಮದ ಬಗ್ಗೆ. ಒಂದೇ ಒಂದು ಕ ಹಿಡಿದುಕೊಂಡು ಕೂತರೆ ಇಂಟ್ಯೂಷನಿಸ್ಟಿಕ್‌ನಲ್ಲೂ ಮೊದಲನೆಯದರಿಂದ ಎರಡನೆಯದು ಬರುತ್ತದೆ, ಎರಡನೆಯದರಿಂದ ಮೊದಲನೆಯದು ಬರುವುದಿಲ್ಲ.

ಈ ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಮೂರು ಸಲ ‘ಅಲ್ಲ’ ಅಂದ್ರೆ ಸರ್?” ಎಂದಳು. ಮಿನಿಮಲ್‌ನಲ್ಲೂ ಅದು ಒಂದು ‘ಅಲ್ಲ’ಕ್ಕೆ ಇಳಿಯುತ್ತದೆ. ನಾನು ಸೀಮೆಸುಣ್ಣ ಹುಡುಕುವಷ್ಟರಲ್ಲಿ ಅವಳೇ ಎದ್ದು ಬಂದು ಸಾಧಿಸಿ ತೋರಿಸಿದಳು.