ಮಗನ ಗೋಲ್ಡ್ ಕಾರ್ಡು, ಅಪ್ಪನ ಲಗೇಜು

ದಾವಣಗೆರೆಯಲ್ಲಿ ವಿಮಾನದ ಟಿಕೆಟ್ ಮಾಡಿಸಲು ಬರುವ ಹಿರಿಯರು ಮೊದಲು ಫೋನ್ ತೆಗೆದು ಒಂದು ನಂಬರ್ ತೋರಿಸುತ್ತಾರೆ. ‘ನಮ್ ಹುಡುಗ ಕಳ್ಸ್ಯಾನ್ರಿ, ಇದನ್ನ ಹಾಕಿದ್ರೆ ಇನ್ನೊಂದು ಬ್ಯಾಗ್ ಫ್ರೀ ಅಂತೆ.’ ಹುಡುಗ ಷಿಕಾಗೋದಲ್ಲಿ ಯುನೈಟೆಡ್ ವಿಮಾನ ಕಂಪನಿಯ ಗೋಲ್ಡ್ ಸದಸ್ಯ, ನಂಬರ್ ಅವನ ಸದಸ್ಯತ್ವದ್ದು. ಇವರು ಹೊರಟಿರುವುದು ಬೆಂಗಳೂರಿನಿಂದ ಲುಫ್ತಾನ್ಸಾದಲ್ಲಿ. ಎರಡೂ ಸ್ಟಾರ್ ಅಲೈಯನ್ಸ್ ಎಂಬ ವಿಮಾನ ಕಂಪನಿಗಳ ಕೂಟದವೇ, ನಿಜ. ಆದರೂ ಆ ನಂಬರ್ ಹಾಕಬೇಡಿ.

ಹಾರಿದ್ದಕ್ಕೆ ಖಾತೆಗೆ ಜಮಾ ಆಗುವ ಅಂಕಗಳಾದ ಮೈಲ್ಸ್ ಬೇರೆ, ಸದಸ್ಯತ್ವದ ದರ್ಜೆ ಬೇರೆ. ಮಗ ತನ್ನ ಮೈಲ್ಸ್ ಖರ್ಚು ಮಾಡಿ ನಿಮ್ಮ ಹೆಸರಿಗೆ ಲುಫ್ತಾನ್ಸಾ ಟಿಕೆಟ್ಟನ್ನೇ ತೆಗೆಯಬಹುದು. ಆದರೆ ಗೋಲ್ಡ್ ದರ್ಜೆ ಆ ಸದಸ್ಯನ ಹೆಸರಿಗಷ್ಟೇ ಅಂಟಿಕೊಂಡಿರುತ್ತದೆ. ಅವನ ಮೈಲ್ಸ್‌ನಿಂದ ಕೊಂಡ ಟಿಕೆಟ್ಟಿಗೂ ಅದು ಬರುವುದಿಲ್ಲ. ಹೆಚ್ಚುವರಿ ಬ್ಯಾಗು, ಬೇಗ ಚೆಕ್-ಇನ್, ನಿಲ್ದಾಣದಲ್ಲಿ ಆರಾಮಾಗಿ ಕೂರುವ ಲೌಂಜು ಎಲ್ಲವೂ ಅವನು ಹಾರಿದಾಗ ಅವನಿಗೆ. ಅವನೇ ಜೊತೆಗಿದ್ದರೂ ಲೌಂಜಿಗೆ ಕರೆದೊಯ್ಯಬಹುದಾದದ್ದು ಒಬ್ಬರನ್ನು. ಅಪ್ಪ-ಅಮ್ಮರಲ್ಲಿ ಹೊರಗೆ ಕೂರುವವರು ಯಾರೆಂದು ನೀವೇ ತೀರ್ಮಾನಿಸಿಕೊಳ್ಳಿ. ತಮಾಷೆಯೆಂದರೆ, ಅಮೆರಿಕದೊಳಗಿನ ಪ್ರಯಾಣದಲ್ಲಿ ಯುನೈಟೆಡ್ ತನ್ನದೇ ಗೋಲ್ಡ್ ಸದಸ್ಯರನ್ನು ಆ ಕಾರ್ಡಿನ ಮೇಲೆ ತನ್ನ ಲೌಂಜಿಗೆ ಬಿಡುವುದಿಲ್ಲ, ಅದೇ ಕೂಟದ ಏರ್ ಇಂಡಿಯಾದ ಗೋಲ್ಡ್‌ನವರನ್ನು ಬಿಡುತ್ತದೆ!

ಹಪ್ಪಳ, ಶೇಂಗಾ ಚಟ್ನಿಪುಡಿ ಹೆಚ್ಚಿದ್ದರೆ ಇನ್ನೊಂದು ಬ್ಯಾಗಿಗೆ ಮೊದಲೇ ಆನ್‌ಲೈನ್‌ನಲ್ಲಿ ಹಣ ಕಟ್ಟಿ. ಕೌಂಟರಿಗಿಂತ ಸಾಮಾನ್ಯವಾಗಿ ಅಗ್ಗ. ಎಕಾನಮಿಯಲ್ಲಿ ಒಂದು ಬ್ಯಾಗಿನ ಮಿತಿ 23 ಕೆ.ಜಿ.; ಒಂದರಲ್ಲಿ 26, ಇನ್ನೊಂದರಲ್ಲಿ 20 ಇದ್ದರೆ ಸರಿದೂಗುವುದಿಲ್ಲ.

ನಿಮ್ಮ ಹೆಸರಲ್ಲೇ ಬೇರೆ ಮೈಲ್ಸ್ ಖಾತೆ ತೆರೆಯಿರಿ, ಉಚಿತ. ಹೆಸರು ಮಾತ್ರ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಇರಲಿ. ನಮ್ಮಲ್ಲಿ ಅನೇಕರಿಗೆ ಸರ್‌ನೇಮ್ ಕಾಲಂ ಖಾಲಿ, ಇನಿಷಿಯಲ್ ಒಂದು ಕಡೆ ಮುಂದೆ, ಒಂದು ಕಡೆ ಹಿಂದೆ. ಖಾತೆಯಲ್ಲಿ ‘ಎಂ. ಬಸವರಾಜಪ್ಪ’, ಟಿಕೆಟ್ಟಿನಲ್ಲಿ ‘ಎಂ.’ ಜಾಗದಲ್ಲಿ ತಂದೆಯ ಪೂರ್ತಿ ಹೆಸರು ಇದ್ದರೆ ಮೈಲ್ಸ್ ಎಲ್ಲೋ ಸಿಕ್ಕಿಕೊಳ್ಳುತ್ತವೆ.

ಏರ್ ಇಂಡಿಯಾ ಖಾತೆಗೆ ಲುಫ್ತಾನ್ಸಾ ಪ್ರಯಾಣ ಸೇರಿಸುವುದಾದರೆ ಯಾವ ಟಿಕೆಟ್ಟಿಗೆ ಎಷ್ಟು ಮೈಲ್ಸ್ ಎನ್ನುವ ಏರ್ ಇಂಡಿಯಾದ ಪಟ್ಟಿ ನೋಡಿ, ಲುಫ್ತಾನ್ಸಾದ್ದಲ್ಲ. ಎಕಾನಮಿಯಲ್ಲೇ ಹಲವು ಅಕ್ಷರಗಳ ಕ್ಲಾಸುಗಳಿವೆ. ಅಗ್ಗದ ಕೆಲವಕ್ಕೆ ಸೊನ್ನೆಯೂ ಬರಬಹುದು. ಹಾಗೆಯೇ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಅದೇ ಮನೆಯದಾದರೂ ಸ್ಟಾರ್ ಕೂಟದಲ್ಲಿಲ್ಲ.

ನಿಮ್ಮ ಖಾತೆಯ ನಂಬರನ್ನು ಚೆಕ್-ಇನ್‌ಗೆ ಮೊದಲೇ ಹಾಕಿಸಿ, ಬೋರ್ಡಿಂಗ್ ಪಾಸಿನಲ್ಲಿ ಮೂಡಿದೆಯೇ ನೋಡಿ. ಮೈಲ್ಸ್ ಜಮಾ ಆಗುವವರೆಗೆ ಆ ಚೀಟಿ ಎಸೆಯಬೇಡಿ. ಆಗದಿದ್ದರೆ ಕ್ಲೇಮ್ ಮಾಡಲು ಅದೂ ಬೇಕು, 13 ಅಂಕಿಯ ಟಿಕೆಟ್ ನಂಬರೂ ಬೇಕು. ಪಿಎನ್‌ಆರ್ ಒಂದೇ ಸಾಲದು.