ಗಿರಣಿಯ ಕ್ಯಾಮೆರಾ ಮನೆಯಲ್ಲಿ ಏಕೆ ಕಾಣುವುದಿಲ್ಲ?

ಗಂಗಾವತಿ, ಸಿಂಧನೂರು ಕಡೆಯ ಅಕ್ಕಿ ಗಿರಣಿಗಳಿಂದ ನನಗೆ ಬರುವ ಕರೆಗಳಲ್ಲಿ ಹೆಚ್ಚಿನವು ಒಂದೇ ಬಗೆಯವು. ಕ್ಯಾಮೆರಾ ದೃಶ್ಯಗಳನ್ನು ದಾಖಲಿಸುವ ಪೆಟ್ಟಿಗೆಯಾದ ಡಿವಿಆರ್‌ನ ವಿಳಾಸ 192.168.1.64 ಎಂದು ಫೋನಿನಲ್ಲಿ ಓದಿ ಹೇಳಿ, ರಾಯಚೂರಿನ ನನ್ನ ಕಚೇರಿಯಿಂದಲೇ ಅದನ್ನು ತೆರೆದು ನೋಡುವಂತೆ ಕೇಳುತ್ತಾರೆ. ಆ ವಿಳಾಸ ಗಿರಣಿಯ ರೌಟರ್‌ನ ಒಳಗಡೆ ಮಾತ್ರ ಸಲ್ಲುತ್ತದೆ. ಅದೇ ಸಂಖ್ಯೆಯ ಯಂತ್ರ ನನ್ನ ಕಚೇರಿಯಲ್ಲೂ ಇರಬಹುದು, ಪಕ್ಕದ ಔಷಧಿ ಅಂಗಡಿಯಲ್ಲೂ ಇರಬಹುದು.

ಇಂಟರ್ನೆಟ್‌ನಲ್ಲಿ ಯಂತ್ರಗಳನ್ನು ಗುರುತಿಸುವ ಇಂಥ ಸಂಖ್ಯೆಗಳು, ಅಂದರೆ ಐಪಿವಿ4 ವಿಳಾಸಗಳು, ಒಟ್ಟು ಸುಮಾರು 429 ಕೋಟಿ ಮಾತ್ರ. ಜಾಗತಿಕ ಸಂಗ್ರಹದ ಕೊನೆಯ ಕಂತು 2011ರ ಫೆಬ್ರುವರಿಯಲ್ಲೇ ಹಂಚಿಹೋಯಿತು. ಹೀಗಾಗಿ ಗಿರಣಿಯ ಎಲ್ಲ ಯಂತ್ರಗಳೂ ಒಂದೇ ಹೊರವಿಳಾಸವನ್ನು ಹಂಚಿಕೊಳ್ಳಬೇಕು. ಒಳಗಿನ ಫೋನು ಒಂದು ಜಾಲತಾಣವನ್ನು ಕೇಳಿದಾಗ, ರೌಟರ್ ಆ ಪ್ಯಾಕೆಟ್‌ನಲ್ಲಿರುವ (ಮಾಹಿತಿಯ ತುಣುಕಿನಲ್ಲಿರುವ) ಒಳವಿಳಾಸವನ್ನು ಅಳಿಸಿ ತನ್ನ ಹೊರವಿಳಾಸವನ್ನೂ ಆ ಸಂಪರ್ಕವನ್ನು ಗುರುತಿಸುವ ಒಂದು ಪೋರ್ಟ್ ಸಂಖ್ಯೆಯನ್ನೂ ಬರೆದು, ಯಾವ ಪೋರ್ಟ್ ಯಾರದೆಂದು ತನ್ನ ಪಟ್ಟಿಯಲ್ಲಿ ನಮೂದಿಸಿಕೊಳ್ಳುತ್ತದೆ. ಉತ್ತರ ಬಂದಾಗ ಆ ನಮೂದನ್ನು ನೋಡಿ ಅದೇ ಫೋನಿಗೆ ತಲುಪಿಸುತ್ತದೆ.

ನಾನು ಎಷ್ಟು ಸಲ ಹೇಳಿದರೂ ಮರೆತುಹೋಗುವ ಮಾತು ಇದು: ಒಳಗಿನಿಂದ ಯಾರಾದರೂ ಮೊದಲು ಹೊರಟರೆ ಮಾತ್ರ ಆ ನಮೂದು ಹುಟ್ಟುತ್ತದೆ. ಮನೆಯಿಂದ ಗಿರಣಿಯ ಕ್ಯಾಮೆರಾ ನೋಡಲು ಹೊರಟ ಪ್ಯಾಕೆಟ್ ಹೊರಗಿನಿಂದ ಬರುತ್ತದೆ; ಪಟ್ಟಿಯಲ್ಲಿ ಅದಕ್ಕೆ ನಮೂದಿಲ್ಲ, ಯಾರಿಗೆ ಕೊಡಬೇಕೆಂದು ತಿಳಿಯದೆ ರೌಟರ್ ಅದನ್ನು ಕೈಬಿಡುತ್ತದೆ. ಪೋರ್ಟ್ ಫಾರ್ವರ್ಡಿಂಗ್ ಎಂದರೆ ಆ ನಮೂದನ್ನು ನಾವೇ ಮುಂಚಿತವಾಗಿ, ಕಾಯಂ ಆಗಿ ಬರೆದಿಡುವುದು. ಆದರೆ ನಾವು ಬರೆಯಬಲ್ಲದ್ದು ನಮ್ಮ ರೌಟರ್‌ನ ಪಟ್ಟಿಯಲ್ಲಿ ಮಾತ್ರ.

ಕಾರಟಗಿಯ ಗಿರಣಿ ಮಾಲೀಕರೊಬ್ಬರು, ವಯಸ್ಸಾದರೂ ಹೊಸದನ್ನು ಕಲಿಯುವ ಹಟವಿರುವವರು, "ಮಿಲ್ಲಿನಾಗ ಕಾಣಸ್ತೈತಿ, ಮನ್ಯಾಗ ಕಾಣವಲ್ದು ನೋಡ್ರಿ ಸರ್" ಎಂದು ಕರೆ ಮಾಡುವ ಹೊತ್ತಿಗೆ ಡಿವಿಆರ್ ಅನ್ನು ಎರಡು ಸಲ ಬದಲಿಸಿಯಾಗಿತ್ತು. ಫಾರ್ವರ್ಡಿಂಗ್ ನಮೂದು ಸರಿಯಾಗಿಯೇ ಇತ್ತು. ರೌಟರ್‌ನ ಹೊರವಿಳಾಸವನ್ನು ನೋಡಿದೆ: 100.72ರಿಂದ ಆರಂಭವಾಗಿತ್ತು. 100.64ರಿಂದ 100.127ರವರೆಗಿನ ವಿಳಾಸಗಳನ್ನು ಇಂಟರ್ನೆಟ್ ಕಂಪನಿಗಳು ತಮ್ಮೊಳಗೆ ಬಳಸಲೆಂದು 2012ರಲ್ಲಿ ಮೀಸಲಿಡಲಾಗಿದೆ. ಅಂದರೆ ಕಂಪನಿಯ ಬಳಿ ಇನ್ನೊಂದು ಪಟ್ಟಿಯಿತ್ತು, ಮನೆಯಿಂದ ಹೊರಟ ಪ್ಯಾಕೆಟ್ ಗಿರಣಿಯನ್ನು ತಲುಪುವ ಮೊದಲೇ ಅಲ್ಲಿ ನಿಂತುಹೋಗುತ್ತಿತ್ತು. ಡಿವಿಆರ್ ಮಾರುವ ಮೊದಲು ಈ ಒಂದು ಸಂಖ್ಯೆಯನ್ನು ನೋಡದ ಅಳವಡಿಕೆದಾರರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ.

ಇಂಥಲ್ಲಿ ಕಂಪನಿಯಿಂದ ಸಾರ್ವಜನಿಕ ಸ್ಟ್ಯಾಟಿಕ್ ಐಪಿ, ಅಂದರೆ ನಮಗೇ ಮೀಸಲಾದ ಬದಲಾಗದ ಹೊರವಿಳಾಸ, ಪಡೆಯಬಹುದು, ಅದಕ್ಕೆ ಸಾಮಾನ್ಯವಾಗಿ ಬೇರೆ ಶುಲ್ಕವಿರುತ್ತದೆ. ಇಲ್ಲವೇ ಕ್ಯಾಮೆರಾ ತಯಾರಕರ ಕ್ಲೌಡ್ ಸೇವೆಯನ್ನು ಬಳಸಬಹುದು; ಅದರಲ್ಲಿ ಡಿವಿಆರ್ ತಾನೇ ಹೊರಗಿನ ಸರ್ವರ್‌ಗೆ ಮೊದಲು ಸಂಪರ್ಕಿಸಿ ನಮೂದನ್ನು ಜೀವಂತವಾಗಿಡುತ್ತದೆ. ಸ್ಟ್ಯಾಟಿಕ್ ಐಪಿ ಪಡೆದು ಪೋರ್ಟ್ ತೆರೆಯುವುದಾದರೆ ಮೊದಲು ಪಾಸ್‌ವರ್ಡ್ ಬದಲಿಸಿ, ಏಕೆಂದರೆ ಆ ಬಾಗಿಲು ಲೋಕಕ್ಕೆಲ್ಲ ತೆರೆದಿರುತ್ತದೆ. 2016ರ ಮಿರಾಯ್ ಎಂಬ ಕುತಂತ್ರಾಂಶದ ದಾಳಿ ಕಾರ್ಖಾನೆಯ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಕ್ಯಾಮೆರಾ, ಡಿವಿಆರ್‌ಗಳ ಮೂಲಕವೇ ಹಬ್ಬಿತು.

ಕಾರಟಗಿಯವರಿಗೆ ನಾನು ಕ್ಲೌಡ್ ಸೇವೆಯನ್ನೇ ಸೂಚಿಸಿದೆ. ಅವರು ತೆಗೆದಿಟ್ಟಿದ್ದ ಎರಡೂ ಡಿವಿಆರ್‌ಗಳು ಕೆಟ್ಟಿರಲಿಲ್ಲ. ಒಂದನ್ನು ಈಗ ತೌಡಿನ ಗೋದಾಮಿಗೆ ಹಾಕಿಸಿಕೊಂಡಿದ್ದಾರೆ.