ಬೋಗಿಯ ಕೆಳಗೆ, ಬೋಗಿಗಳ ನಡುವೆ

ರೈಲು ನಿಲ್ದಾಣದಲ್ಲಿ ‘ನಮ್ಮ ಬೋಗಿ ಎಲ್ಲಿ ನಿಲ್ಲುತ್ತದೆ’ ಎಂದು ವಿಚಾರಿಸದ ಪ್ರಯಾಣಿಕರು ಕಡಿಮೆ. ಇದೇ ಮಾತನ್ನು ರೈಲ್ವೆ ಕಾರ್ಯಾಗಾರದಲ್ಲಿ ಆಡಿದರೆ ಅಲ್ಲಿನ ಫಿಟ್ಟರ್ ಬಗ್ಗಿ ಗಾಲಿಗಳ ಕಡೆ ನೋಡಿಯಾನು. ನಾವು ಹತ್ತಿ ಕೂರುವುದು ಕೋಚು. ಅದರ ಅಡಿಯಲ್ಲಿ ತುದಿಗೊಂದರಂತೆ ಇರುವ, ನಾಲ್ಕು ನಾಲ್ಕು ಗಾಲಿಗಳನ್ನು ಹೊತ್ತು ತಿರುವಿಗೆ ತಕ್ಕಂತೆ ಹೊರಳುವ ಉಕ್ಕಿನ ಚೌಕಟ್ಟೇ ಬೋಗಿ. ಭಾಗದ ಹೆಸರು ಇಡಿಯದಕ್ಕೆ ಅಂಟಿಕೊಂಡಿದೆ, ಅದನ್ನು ತಿದ್ದಬೇಕಾದ್ದೇನಿಲ್ಲ. ಆದರೆ ನೀಲಿ ಕೋಚುಗಳು ಸರಿದು ಕೆಂಪು ಕೋಚುಗಳು ಬಂದಾಗ ನಿಜಕ್ಕೂ ಬದಲಾದದ್ದೇನು ಎಂದು ತಿಳಿಯಬೇಕಾದರೆ, ಸೀಟು ಕಿಟಕಿಗಳನ್ನು ಬಿಟ್ಟು ಈ ಅಡಿಭಾಗವನ್ನೂ ಎರಡು ಕೋಚುಗಳ ನಡುವಿನ ಸಂದನ್ನೂ ನೋಡಬೇಕು.

ನೀಲಿ ಕೋಚಿನ ತವರು ಚೆನ್ನೈನ ಪೆರಂಬೂರು. ಸ್ವಿಟ್ಜರ್ಲೆಂಡಿನ ಕಂಪನಿಯೊಂದರ ತಾಂತ್ರಿಕ ನೆರವಿನಿಂದ 1955ರಲ್ಲಿ ಅಲ್ಲಿ ಇಂಟೆಗ್ರಲ್ ಕೋಚ್ ಫ್ಯಾಕ್ಟರಿ ಆರಂಭವಾಯಿತು. ಅದಕ್ಕೂ ಮೊದಲೇ ಬೆಂಗಳೂರಿನ ವಿಮಾನ ಕಾರ್ಖಾನೆ ರೈಲು ಕೋಚುಗಳನ್ನು ತಯಾರಿಸುತ್ತಿತ್ತು ಎಂಬುದು ಹಲವರಿಗೆ ಸೋಜಿಗವೆನಿಸಬಹುದು. ಆ ವಿಭಾಗವೇ ಮುಂದೆ, 1964ರಲ್ಲಿ ಸ್ಥಾಪನೆಯಾದ, ಭಾರಿ ಯಂತ್ರಗಳನ್ನು ತಯಾರಿಸುವ ಬಿಇಎಂಎಲ್‌ಗೆ ಸೇರಿತು. ‘ಇಂಟೆಗ್ರಲ್’ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಹಳೆಯ ಕೋಚುಗಳಲ್ಲಿ ಭಾರವನ್ನೆಲ್ಲ ಅಡಿಚೌಕಟ್ಟೇ ಹೊರುತ್ತಿತ್ತು, ಅದರ ಮೇಲೆ ಮರದ ಪೆಟ್ಟಿಗೆಯೊಂದನ್ನು ಕೂರಿಸಿದಂತಿರುತ್ತಿತ್ತು. ಹೊಸ ವಿನ್ಯಾಸದಲ್ಲಿ ಗೋಡೆ, ಚಾವಣಿ, ನೆಲಗಳನ್ನು ಒಂದೇ ಉಕ್ಕಿನ ಕೊಳವೆಯಂತೆ ಬೆಸೆದು, ಎಲ್ಲವೂ ಸೇರಿ ಭಾರ ಹೊರುವಂತೆ ಮಾಡಲಾಯಿತು.

ಈ ಗಟ್ಟಿ ಕೋಚಿನ ದೌರ್ಬಲ್ಯವೆಲ್ಲ ಸಂದಿನಲ್ಲಿತ್ತು. ನೀಲಿ ಕೋಚಿನ ತುದಿಯಲ್ಲಿ ನಡುವೆ ಒಂದು ಕೊಕ್ಕೆ, ಅದರ ಎರಡೂ ಪಕ್ಕದಲ್ಲಿ ದೊಡ್ಡ ತಟ್ಟೆಗಳಂಥ ಬಫರ್‌ಗಳಿರುತ್ತವೆ. ಎಳೆತವನ್ನು ಕೊಕ್ಕೆ ತಾಳಿಕೊಳ್ಳುತ್ತದೆ, ನೂಕುವಿಕೆಯನ್ನು ಬಫರ್‌ಗಳು ತಾಳಿಕೊಳ್ಳುತ್ತವೆ. ಎರಡು ಕೋಚುಗಳನ್ನು ಜೋಡಿಸಲು ಒಬ್ಬ ನೌಕರ ಅವುಗಳ ನಡುವೆ ನುಸುಳಿ, ಕೊಂಡಿಯನ್ನು ಕೊಕ್ಕೆಗೆ ಹಾಕಿ, ಅದರ ತಿರುಪನ್ನು ಕೈಯಿಂದಲೇ ಬಿಗಿಯಬೇಕು. ಡಿಕ್ಕಿಯಾದಾಗ ಬಫರ್‌ಗಳು ಒಂದರ ಮೇಲೊಂದು ಜಾರಿ, ಒಂದು ಕೋಚಿನ ಅಡಿಚೌಕಟ್ಟು ಇನ್ನೊಂದರ ಮೇಲೇರಿ ಒಳಕ್ಕೆ ಸೀಳಿಕೊಂಡು ಹೋಗುತ್ತದೆ. ಹಳೆಯ ಅಪಘಾತಗಳ ಚಿತ್ರಗಳಲ್ಲಿ ಒಂದರ ಬೆನ್ನ ಮೇಲೊಂದು ಏರಿ ನಿಂತ ಕೋಚುಗಳು ಕಾಣುವುದು ಇದರಿಂದಲೇ. ಜರ್ಮನಿಯ ಲಿಂಕೆ-ಹಾಫ್‌ಮನ್-ಬುಷ್ ಕಂಪನಿಯ ವಿನ್ಯಾಸದ ಎಲ್‌ಎಚ್‌ಬಿ ಕೋಚಿನಲ್ಲಿ, ಅಂದರೆ ಕೆಂಪು ಕೋಚಿನಲ್ಲಿ, ಬಫರ್ ಇಲ್ಲ. ಬೆರಳು ಮಡಿಸಿದ ಎರಡು ಕೈಗಳು ಒಂದನ್ನೊಂದು ಹಿಡಿದಂತೆ ಕೂಡಿಕೊಳ್ಳುವ ನಡುವಿನ ಕಪ್ಲರ್ ಒಂದೇ ಎಳೆತವನ್ನೂ ನೂಕುವಿಕೆಯನ್ನೂ ನಿಭಾಯಿಸುತ್ತದೆ. ಅದರ ಬಿಗಿಹಿಡಿತ ಒಂದು ಕೋಚು ಇನ್ನೊಂದರ ಮೇಲೇರದಂತೆ ತಡೆಯುತ್ತದೆ. ಆರಂಭದಲ್ಲಿ ಈ ಕೋಚುಗಳು ಹೊರಡುವಾಗ, ನಿಲ್ಲುವಾಗ ಮೇಲಿನ ಬರ್ತಿನಲ್ಲಿ ಮಲಗಿದವರನ್ನೂ ಎಬ್ಬಿಸುವಷ್ಟು ಜಗ್ಗುತ್ತಿದ್ದುದು ನಿಜ, ಕಪ್ಲರಿನ ಹಿಂದಿರುವ ಆಘಾತ ಹೀರುವ ಭಾಗವನ್ನು ಬದಲಿಸಿ ಅದನ್ನು ತಗ್ಗಿಸಲಾಯಿತು. ಉದ್ದ ಸುಮಾರು 21.3 ಮೀಟರಿನಿಂದ 23.5 ಮೀಟರಿಗೆ ಏರಿದ್ದರಿಂದ ಸ್ಲೀಪರ್ ಕೋಚಿನ 72 ಬರ್ತುಗಳು 80 ಆದವು.

ಬ್ರೇಕಿನ ತರ್ಕ ಮಾತ್ರ ಎರಡರಲ್ಲೂ ಒಂದೇ, ಮತ್ತು ಅದು ನಾವು ಊಹಿಸುವುದಕ್ಕೆ ತಿರುಗುಮುರುಗು. ಇಂಜಿನ್ನಿನಿಂದ ಕೊನೆಯ ಕೋಚಿನವರೆಗೆ ಹಾದುಹೋಗುವ ಕೊಳವೆಯಲ್ಲಿ ಚದರ ಸೆಂಟಿಮೀಟರಿಗೆ 5 ಕಿಲೋಗ್ರಾಂ ಒತ್ತಡದ ಗಾಳಿ ತುಂಬಿರುವಾಗ ಬ್ರೇಕು ಸಡಿಲವಾಗಿರುತ್ತದೆ. ಗಾಳಿ ಸೋರಿದಾಗ ಅದು ಹಿಡಿಯುತ್ತದೆ. ಸರಪಳಿ ಎಳೆದಾಗ ಆಗುವುದು ಇಷ್ಟೇ, ಕೊಳವೆಯ ಗಾಳಿ ಹೊರಹೋಗುತ್ತದೆ. ಓಡುವ ರೈಲು ನಡುವೆ ತುಂಡಾದರೂ ಕೊಳವೆ ಹರಿಯುವುದರಿಂದ ಎರಡೂ ತುಂಡುಗಳು ತಾವಾಗಿಯೇ ನಿಲ್ಲುತ್ತವೆ. ವ್ಯತ್ಯಾಸವಿರುವುದು ಹಿಡಿತದಲ್ಲಿ. ನೀಲಿ ಕೋಚಿನಲ್ಲಿ ಬ್ರೇಕ್ ಬ್ಲಾಕ್ ಗಾಲಿಯ ಮೈಗೇ ಉಜ್ಜಿ ಅದನ್ನು ಕಾಯಿಸುತ್ತದೆ, ಸವೆಸುತ್ತದೆ. ಕೆಂಪು ಕೋಚಿನಲ್ಲಿ ಎರಡು ಗಾಲಿಗಳನ್ನು ಸೇರಿಸುವ ಅಚ್ಚಿಗೆ ಕೂರಿಸಿದ ಎರಡು ಡಿಸ್ಕುಗಳು ಆ ಕಾವನ್ನು ತಾವು ತೆಗೆದುಕೊಳ್ಳುತ್ತವೆ. ಗಾಲಿ ತಿರುಗದೆ ಹಳಿಯ ಮೇಲೆ ಜಾರಿದರೆ ಅದರ ಮೈ ಒಂದೆಡೆ ಚಪ್ಪಟೆಯಾಗಿ, ಆಮೇಲೆ ದಾರಿಯುದ್ದಕ್ಕೂ ಟಕ್ ಟಕ್ ಎಂದು ಬಡಿಯುತ್ತದೆ. ಅದಕ್ಕಾಗಿ ಪ್ರತಿ ಅಚ್ಚಿನ ವೇಗವನ್ನು ಅಳೆದು, ಜಾರುವ ಗಾಲಿಯ ಬ್ರೇಕನ್ನು ಕ್ಷಣಕಾಲ ಸಡಿಲಿಸುವ ಏರ್ಪಾಡೂ ಕೆಂಪು ಕೋಚಿನಲ್ಲಿದೆ.

ನೀಲಿ ಕೋಚುಗಳ ಗಾಲಿಗಳಲ್ಲಿ ಬಹಳಷ್ಟು ನಮ್ಮ ಯಲಹಂಕದವು. ಅಲ್ಲಿನ ರೈಲು ಗಾಲಿ ಕಾರ್ಖಾನೆಯಲ್ಲಿ ಗುಜರಿ ಉಕ್ಕನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿ, ಗಾಳಿಯ ಒತ್ತಡದಿಂದ ಗ್ರಾಫೈಟಿನ ಎರಕದ ಪಡಿಯಚ್ಚುಗಳೊಳಕ್ಕೆ ಏರಿಸುತ್ತಾರೆ. ಗಾಲಿಯ ಮೈ ಸಪಾಟಾಗಿರದೆ, ಹೊರಕ್ಕೆ ಹೋದಂತೆ ತುಸು ಕಿರಿದಾಗುತ್ತದೆ. ಒಂದೇ ಅಚ್ಚಿಗೆ ಬಿಗಿದ ಎರಡು ಗಾಲಿಗಳು ಒಂದೇ ವೇಗದಲ್ಲಿ ತಿರುಗಲೇಬೇಕು, ತಿರುವಿನಲ್ಲಾದರೋ ಹೊರಗಿನ ಹಳಿ ಹೆಚ್ಚು ಉದ್ದ. ಅಲ್ಲಿ ಅಚ್ಚು ಕೊಂಚ ಹೊರಕ್ಕೆ ಸರಿದು, ಹೊರಗಿನ ಗಾಲಿ ತನ್ನ ದಪ್ಪ ಭಾಗದ ಮೇಲೂ ಒಳಗಿನದು ಸಣ್ಣ ಭಾಗದ ಮೇಲೂ ಉರುಳಿ ಲೆಕ್ಕ ಸರಿಹೋಗುತ್ತದೆ. ಆದರೆ ವೇಗ ಹೆಚ್ಚಿದಾಗ ಇದೇ ಓರೆ ನೇರ ಹಳಿಯ ಮೇಲೂ ಗಾಲಿಗಳನ್ನು ಎಡಕ್ಕೂ ಬಲಕ್ಕೂ ತೂಗಾಡಿಸುತ್ತದೆ; ಅದನ್ನು ಹತ್ತಿಕ್ಕುವುದು ಬೋಗಿಯ ಸ್ಪ್ರಿಂಗ್ ಮತ್ತು ಡ್ಯಾಂಪರ್‌ಗಳ ಕೆಲಸ.

ಹಳೆಯ ವಿನ್ಯಾಸದ ಕೋಚುಗಳ ತಯಾರಿಕೆ ಪೆರಂಬೂರಿನಲ್ಲಿ 2018ರ ಜನವರಿಯಲ್ಲಿ ನಿಂತಿತು. ಮರುವರ್ಷ ಓಡತೊಡಗಿದ ವಂದೇ ಭಾರತ್ ಅಲ್ಲಿಯದೇ ಕೂಸು, ಅದಕ್ಕೆ ಪ್ರತ್ಯೇಕ ಇಂಜಿನ್ನೇ ಇಲ್ಲ. ಸಾಮಾನ್ಯ ರೈಲನ್ನು ಇಂಜಿನ್ನಿನ ಆರು ಅಚ್ಚುಗಳಷ್ಟೇ ಹಳಿಯನ್ನು ಹಿಡಿದು ಎಳೆಯುತ್ತವೆ. 16 ಕೋಚುಗಳ ವಂದೇ ಭಾರತ್‌ನಲ್ಲಿ ಅರ್ಧದಷ್ಟು ಕೋಚುಗಳ ಅಡಿಯಲ್ಲಿ ಮೋಟಾರುಗಳಿದ್ದು 32 ಅಚ್ಚುಗಳು ಆ ಕೆಲಸ ಮಾಡುವುದರಿಂದ ಅದು ಬೇಗನೆ ವೇಗ ಪಡೆಯುತ್ತದೆ. 2022ರ ನವೆಂಬರಿನಿಂದ ಮೈಸೂರು, ಬೆಂಗಳೂರು, ಚೆನ್ನೈ ನಡುವೆ ಓಡುತ್ತಿರುವ ರೈಲಿನಲ್ಲಿ ಅಂಥ ಕೋಚೊಂದರಲ್ಲಿ ಕುಳಿತರೆ, ನಿಲ್ದಾಣ ಬಿಡುವಾಗ ಮುಂದಿನಿಂದ ಜಗ್ಗಿದ ಅನುಭವವಾಗುವುದಿಲ್ಲ. ಕಾಲಡಿಯ ಬೋಗಿಯಿಂದ ಮೋಟಾರಿನ ಗುಂಯ್‌ಗುಡುವಿಕೆಯಷ್ಟೇ ಮೇಲೇರಿ ಬರುತ್ತದೆ.